ಹೆಸರಿನ ಚೀಟಿ

ಟ್ಯಾಗು ಎಂದ ಕೂಡಲೆ ನಮ್ಮ ಕಡೆಯವರ ಕಣ್ಣಿಗೆ ಬರುವುದು ತಾಲ್ಲೂಕು ಕಚೇರಿಯ ದಾರ. ಎರಡೂ ತುದಿಗೆ ತಗಡಿನ ಮೂತಿ ಇರುವ ಆ ಗಿಡ್ಡ ದಾರವನ್ನು ಕಾಗದದ ತೂತಿಗೆ ತೂರಿಸಿ ಗಂಟು ಹಾಕಿಬಿಟ್ಟರೆ ಮುಗಿಯಿತು, ನಮ್ಮ ಅರ್ಜಿ ಒಂದು ಕಡತವಾಯಿತು. ಆಮೇಲೆ ಅದು ಯಾವ ಬೀರುವಿನಲ್ಲಿ ಮಲಗುತ್ತದೋ ಆ ಮಾದಪ್ಪನಿಗೇ ಗೊತ್ತು. ನಾನು ಹೇಳಹೊರಟಿರುವುದು ಆ ಟ್ಯಾಗಿನ ಸಂಗತಿಯಲ್ಲ. ಉಡುಗೊರೆಗೆ, ತಾಂಬೂಲದ ಚೀಲಕ್ಕೆ, ಮುಯ್ಯಿ ಕವರಿಗೆ ಕಟ್ಟುವ, ಮೂರು ಬೆರಳಗಲದ ಅಂದದ ಕಾಗದದ ಚೀಟಿಯ ಸಂಗತಿ. ಅದಕ್ಕೂ ಪೇಟೆಯಲ್ಲಿ ಟ್ಯಾಗು ಎಂದೇ ಹೆಸರು. ನಾನು ಚೀಟಿ ಎನ್ನುತ್ತೇನೆ. ಅವನ್ನು ಹಾಕಿಡುವ ಕಾಗದದ ಚೀಲವನ್ನೂ ಮನೆಯಲ್ಲೇ ಮಾಡುತ್ತೇನೆ. ನೋಡಿದವರು, “ಹೊತ್ತು ಹೋಗುವುದಕ್ಕೆ ಒಳ್ಳೆಯದು ಬಿಡಿ” ಎನ್ನುತ್ತಾರೆ. ಹೊತ್ತು ತಾನಾಗಿಯೇ ಹೋಗುತ್ತದೆ. ಅದಕ್ಕೆ ನಾನು ಕತ್ತರಿ ಹಿಡಿಯಬೇಕಾಗಿಲ್ಲ.

ಶುರುವಾದದ್ದು ಲಗ್ನಪತ್ರಿಕೆಗಳ ಕಾಟದಿಂದ. ಲಗ್ನಪತ್ರಿಕೆ ಎಂಬುದು ಮನೆಯೊಳಗೆ ಬಂದರೆ ಹೊರಗೆ ಹೋಗುವ ವಸ್ತುವಲ್ಲ. ನಾಲ್ಕು ಮೂಲೆಗೆ ಅರಿಶಿನ, ಮೇಲೆ ಗಣಪತಿ, ಒಳಗೆ ಮನೆದೇವರು. ನಮ್ಮ ಚಾಮರಾಜನಗರದ ಸೀಮೆಯಲ್ಲಂತೂ ಹುಲಿಯ ಮೇಲೆ ಕುಳಿತ ಮಲೆ ಮಹದೇಶ್ವರನಿಲ್ಲದ ಪತ್ರಿಕೆ ಅಪರೂಪ. ಒಲೆಗೆ ಹಾಕುವಂತಿಲ್ಲ, ತಿಪ್ಪೆಗೆ ಎಸೆಯುವಂತಿಲ್ಲ, ಗುಜರಿಯವನಿಗೆ ತೂಕಕ್ಕೆ ಹಾಕಲು ಮನಸ್ಸು ಬಾರದು. ಉಮ್ಮತ್ತೂರಿನ ನಮ್ಮ ಮನೆಯಲ್ಲಿ ಅಟ್ಟದ ಮೇಲಿನ ಟ್ರಂಕೊಂದು ಇವುಗಳಿಂದಲೇ ತುಂಬಿಹೋಗಿತ್ತು. ಮದುವೆಯಾದವರಿಗೆ ಮಕ್ಕಳಾಗಿ, ಆ ಮಕ್ಕಳ ಮದುವೆಯ ಪತ್ರಿಕೆಯೂ ಬಂದು ಅದೇ ಟ್ರಂಕು ಸೇರಿತ್ತು.

ಒಂದು ಮಧ್ಯಾಹ್ನ ಟ್ರಂಕು ಇಳಿಸಿ ಕತ್ತರಿ ಹಿಡಿದು ಕೂತೆ. ನಮ್ಮತ್ತೆ ನಡುಮನೆಯಿಂದಲೇ ನೋಡಿ, “ಏನವ್ವ, ದೇವ್ರ ಮ್ಯಾಲೆ ಕತ್ರಿ ಆಡುಸ್ತಾ ಇದ್ದಯಲ್ಲ!” ಎಂದು ಗದರಿದರು. ಅವರ ಮಾತಿನಲ್ಲೂ ನ್ಯಾಯವಿತ್ತು. ಕೊನೆಗೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದೆವು. ಮೊದಲು ದೇವರ ಚಿತ್ರವನ್ನು ಸುತ್ತಲೂ ಬಿಡಿಸಿ ಇಡಿಯಾಗಿ ತೆಗೆಯುವುದು. ಒಬ್ಬ ದೇವರ ಕಿವಿಯೂ ಹರಿಯಬಾರದು. ಅವೆಲ್ಲ ಒಂದು ಡಬ್ಬಿಗೆ. ಉಳಿದ ದಪ್ಪ ಕಾಗದ ನನಗೆ. ಆಮೇಲಾಮೇಲೆ ದೇವರನ್ನು ಬಿಡಿಸುವ ಕೆಲಸವನ್ನು ಅತ್ತೆಯೇ ವಹಿಸಿಕೊಂಡರು. ಕನ್ನಡಕ ಏರಿಸಿ ಹುಲಿಯ ಬಾಲದ ಸುತ್ತ ಅವರು ಕತ್ತರಿ ತಿರುಗಿಸುವಾಗ ಯಾರೂ ಮಾತಾಡಿಸುವಂತಿರಲಿಲ್ಲ.

ಚೀಟಿ ಮಾಡುವವರಿಗೆ ಮೊದಲ ತೊಡಕು ಕಾಗದದ ಹೊಳಪು. ಈಚಿನ ಪತ್ರಿಕೆಗಳಿಗೆ ಮೇಲೊಂದು ತೆಳ್ಳನೆಯ ಪ್ಲಾಸ್ಟಿಕ್ ಪೊರೆ ಹೊದಿಸಿರುತ್ತಾರೆ. ಅದರ ಮೇಲೆ ಅಂಟೂ ನಿಲ್ಲದು, ಶಾಯಿಯೂ ನಿಲ್ಲದು. ಬಡಗಿಗಳು ಮರ ಉಜ್ಜುವ ಮರಳುಕಾಗದದಿಂದ ಹಗುರಾಗಿ ತಿಕ್ಕಿದರೆ ಮೈ ತರಿಯಾಗಿ ಅಂಟು ಹಿಡಿಯುತ್ತದೆ. ಹಳೆಯ ಪತ್ರಿಕೆಗಳಿಗೆ ಈ ಕಷ್ಟವಿಲ್ಲ. ಎರಡನೆಯ ತೊಡಕು ಸೊಟ್ಟಗಾಗುವುದು. ನೀರಿನಂಶದ ಅಂಟನ್ನು ಒಂದೇ ಮಗ್ಗುಲಿಗೆ ಹಚ್ಚಿದರೆ ಆ ಮಗ್ಗುಲಿನ ಕಾಗದ ಹಿಗ್ಗಿ, ಒಣಗುವಾಗ ಕುಗ್ಗಿ, ಚೀಟಿ ಹಪ್ಪಳದಂತೆ ಮುದುಡುತ್ತದೆ. ಹಿಂಬದಿಗೂ ಒಂದು ತೆಳುಕಾಗದ ಅಂಟಿಸಿ, ಎರಡು ಹಲಗೆಯ ನಡುವೆ ಇಟ್ಟು, ಮೇಲೆ ರುಬ್ಬುವ ಗುಂಡು ಹೇರಿ ಒಂದು ರಾತ್ರಿ ಬಿಡಬೇಕು. ಮಿಕ್ಸಿ ಬಂದ ಮೇಲೆ ಮೂಲೆ ಸೇರಿದ್ದ ನಮ್ಮ ಮನೆಯ ಗುಂಡಿಗೆ ಹೀಗೆ ಮತ್ತೆ ಕೆಲಸ ಸಿಕ್ಕಿತು.

ಅಂಟು ಅಂಗಡಿಯದ್ದೂ ಆದೀತು. ನನಗೆ ಹುಣಸೆಬೀಜದ್ದೇ ಇಷ್ಟ. ಬೀಜ ಹುರಿದು, ಕೆಂಪು ಸಿಪ್ಪೆ ಬಿಡಿಸಿ, ರಾತ್ರಿ ನೆನೆಹಾಕಿ, ರುಬ್ಬಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿದರೆ ಗಂಜಿಯಂಥ ಅಂಟು ಆಗುತ್ತದೆ. ಮೂರು ದಿನಕ್ಕಿಂತ ಹೆಚ್ಚು ಇಟ್ಟರೆ ನಾರುತ್ತದೆ, ಅದೊಂದು ಕೊರತೆ. ಪುಸ್ತಕ ಕಟ್ಟುವವರು ಹುಳ ಬಾರದಿರಲೆಂದು ಅಂಟಿಗೆ ಮೈಲುತುತ್ತ ಹಾಕುತ್ತಾರೆ. ಅದು ವಿಷ, ಮಕ್ಕಳು ಓಡಾಡುವ ಮನೆಯಲ್ಲಿ ಬೇಡ. ಈ ಹುಣಸೆಬೀಜದ ಅಂಟಿಗೆ ನಮ್ಮಲ್ಲಿ ದೊಡ್ಡ ಚರಿತ್ರೆಯೇ ಇದೆ. ಹಿಂದೆ ‘ಕಡತ’ ಎಂದರೆ ಈಗಿನಂತೆ ಕಚೇರಿಯ ಫೈಲಲ್ಲ. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಕಪ್ಪು ಹಲಗೆಯಂತೆ ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿದ ಪುಸ್ತಕ ಅದು. ಅದರ ಮೇಲೆ ಬಳಪದಲ್ಲಿ ಲೆಕ್ಕಪತ್ರ ಬರೆಯುತ್ತಿದ್ದರು. ಬಟ್ಟೆಯೂ ಅಂಟೂ ಹೋದವು. ಹೆಸರೊಂದು ಮಾತ್ರ ತಗಡಿನ ಮೂತಿಯ ದಾರ ಕಟ್ಟಿಸಿಕೊಂಡು ಕಚೇರಿಯಲ್ಲಿ ಉಳಿಯಿತು.

ನಮ್ಮ ತಾಯಂದಿರಿಗೆ ಕಾಗದದ ಕೆಲಸ ಹೊಸದೇನಲ್ಲ. ಹಳೆಯ ಪೇಪರು ನೆನೆಸಿ, ಮೆಂತ್ಯದ ಜತೆ ಒರಳಿನಲ್ಲಿ ರುಬ್ಬಿ, ಬೋರಲು ಹಾಕಿದ ಪಾತ್ರೆಯ ಮೇಲೆ ಮೆತ್ತಿ ಒಣಗಿಸಿ ಮಾಡುತ್ತಿದ್ದ ಬುಟ್ಟಿಗಳನ್ನು ನೀವೂ ನೋಡಿರಬಹುದು. ಮೆಂತ್ಯದ ಲೋಳೆ ಅಂಟೂ ಹೌದು, ಅದರ ಕಹಿಗೆ ಹುಳ ಹತ್ತಿರ ಸುಳಿಯದು. ಅಂಥದೊಂದು ಬುಟ್ಟಿಯಲ್ಲಿ ನಮ್ಮತ್ತೆ ಇನ್ನೂ ಒಣಮೆಣಸಿನಕಾಯಿ ಇಡುತ್ತಾರೆ. ಅದನ್ನು ಅವರ ತಾಯಿ ಮಾಡಿದ್ದು.

ಇನ್ನು ಅಲಂಕಾರ. ಪೇಟೆಯಿಂದ ಏನನ್ನೂ ತರುವುದಿಲ್ಲ ಎಂಬುದು ನನ್ನ ಹಟ. ಹರಿದ ಸೀರೆಯ ಜರಿಯಂಚು, ರವಿಕೆ ಹೊಲಿದು ಉಳಿದ ತುಂಡು, ಒಡೆದ ಗಾಜಿನ ಬಳೆ, ಸೌತೆಬೀಜ, ರಾಗಿತೆನೆಯ ಒಂದು ಬೆರಳು. ಅರಿಶಿನದ ನೀರಿನಲ್ಲಿ ಅದ್ದಿದ ಹತ್ತಿಯ ದಾರ. ಬಳೆಚೂರಿನ ಮೊನೆಯನ್ನು ಕಲ್ಲಿಗೆ ಉಜ್ಜಿ ಮೊಂಡು ಮಾಡಲೇಬೇಕು, ಇಲ್ಲವಾದರೆ ಕೈ ಕುಯ್ಯುತ್ತದೆ. ತೂತು ಹರಿಯದಿರಲೆಂದು ಅದರ ಸುತ್ತ ರವಿಕೆ ಬಟ್ಟೆಯ ಒಂದು ಪುಟ್ಟ ಬಿಲ್ಲೆ.

ಎಲ್ಲಕ್ಕಿಂತ ಮೇಲು ರೇಷ್ಮೆಗೂಡು. ನಮ್ಮ ಸೀಮೆಯಲ್ಲಿ ಹಿಪ್ಪುನೇರಳೆ ಈಗ ಮೊದಲಿನಷ್ಟಿಲ್ಲ. ಆದರೂ ಹುಳು ಸಾಕುವ ಮನೆಗಳು ಇವೆ, ಗೋಡೆಗೆ ಒರಗಿಸಿದ ಬಿದಿರಿನ ಚಂದ್ರಿಕೆಗಳು ಇವೆ. ಚಿಟ್ಟೆಯಾಗಿ ಹೊರಬರುವ ಹುಳು ತನ್ನ ಬಾಯಿಂದ ರಸ ಒಸರಿಸಿ, ಗೂಡಿನ ಒಂದು ತುದಿಯನ್ನು ಮೆತ್ತಗೆ ಮಾಡಿಕೊಂಡು, ತೂತು ಬಿಡಿಸಿಕೊಂಡು ಬರುತ್ತದೆ. ಒಳ್ಳೆಯ ದ್ವಿತಳಿ ಗೂಡಿನಲ್ಲಿ ಒಂದೇ ಎಳೆ ಸಾವಿರ ಮೀಟರಿನಷ್ಟಿರುತ್ತದೆ. ತೂತಾದ ಗೂಡಿನಲ್ಲಿ ಆ ಎಳೆ ನೂರಾರು ಕಡೆ ತುಂಡಾಗುವುದರಿಂದ ನೂಲು ತೆಗೆಯಲು ಅದು ಬಾರದು. ರೈತನಿಗೆ ಜೊಳ್ಳಾದದ್ದು ನನಗೆ ಹೂವು. ತೂತಿನ ಕಡೆಯಿಂದ ಐದು ಸೀಳು ಸೀಳಿ, ಒಳಗಿನ ಒಣ ಪೊರೆ ಕೊಡವಿ, ಎಸಳುಗಳನ್ನು ಹಿಂದಕ್ಕೆ ಬಾಗಿಸಿದರೆ ಸಂಪಿಗೆಯಂಥ ಹೂವಾಗುತ್ತದೆ. ಹಳದಿ ಮಿಶ್ರತಳಿಯ ಗೂಡಾದರೆ ಬಣ್ಣ ಹಾಕುವುದೂ ಬೇಕಿಲ್ಲ. ನೋಡಲು ಹೂವು, ಮುಟ್ಟಿದರೆ ಕಾಗದ, ನಿಜಕ್ಕೂ ರೇಷ್ಮೆ.

ಚೀಲ ಮಾಡುವುದು ಸುಲಭ. ಉದ್ದನೆಯ ಪತ್ರಿಕೆಯನ್ನು ಮೂರು ಪಾಲು ಮಾಡಿ, ಕೆಳಗಿನ ಪಾಲನ್ನು ಮೇಲಕ್ಕೆ ಮಡಚಿ, ಎರಡೂ ಮಗ್ಗುಲಿಗೆ ಮೊದಲೇ ಸೂಜಿಯಿಂದ ಚುಚ್ಚಿಕೊಂಡು, ಕಸೂತಿ ದಾರದಲ್ಲಿ ಕಂಬಳಿ ಹೊಲಿಗೆ ಹಾಕಿದರೆ ಜೇಬಾಯಿತು. ಮೇಲಿನ ಪಾಲಿಗೆ ತೂತು ಮಾಡಿ ದಾರ ಪೋಣಿಸಿ ಗೋಡೆಗೆ ತೂಗುಹಾಕಬಹುದು. 2016ರಲ್ಲಿ ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧವಾದಾಗ ನೆಂಟರೊಬ್ಬರು ತಾಂಬೂಲಕ್ಕೆಂದು ಇಂಥ ಇನ್ನೂರು ಚೀಲ ಕೇಳಿದ್ದರು. ಒಂದು ಚೀಲಕ್ಕೆ ಅರ್ಧ ಗಂಟೆ ಬೇಕು, ತೆಂಗಿನಕಾಯಿ ಹಾಕಿದರೆ ಹೊಲಿಗೆ ಬಿಡುತ್ತದೆ ಎಂದು ಹೇಳಿ ಕೈಮುಗಿದೆ. ಕಾಯಿಗೆ ಬಟ್ಟೆ ಚೀಲವೇ ಸರಿ.

ಇಷ್ಟೆಲ್ಲ ಆದರೂ ಚೀಟಿಗೆ ತಕ್ಕ ಕೆಲಸ ಸಿಕ್ಕಿರಲಿಲ್ಲ. ಅದು ಸಿಕ್ಕಿದ್ದು ಮುಯ್ಯಿಯಿಂದ.

ನಮ್ಮ ಮದುವೆಗಳಲ್ಲಿ ಮುಯ್ಯಿಯನ್ನು ಕೊಟ್ಟು ಬರುವುದಲ್ಲ, ಓದಿಸುವುದು. ಛತ್ರದ ಒಂದು ಮಗ್ಗುಲಿಗೆ ಮೇಜು ಹಾಕಿ, ಮೊದಲ ಪುಟಕ್ಕೆ ಅರಿಶಿನ ಹಚ್ಚಿದ ಉದ್ದನೆಯ ಪುಸ್ತಕ ಬಿಚ್ಚಿಕೊಂಡು ಒಬ್ಬರು ಕೂತಿರುತ್ತಾರೆ. ಕವರು ಒಡೆದು, ಹಣ ಎಣಿಸಿ, ಬರೆದುಕೊಂಡು, ಮೈಕಿನಲ್ಲಿ ಓದುತ್ತಾರೆ: ಇಂಥ ಊರಿನ ಇಂಥವರ ಮಗ ಇಂಥವರಿಂದ ಐನೂರ ಒಂದು ರೂಪಾಯಿ. ಆ ಒಂದು ರೂಪಾಯಿ ಕವರಿನ ಮೇಲೇ ಅಂಟಿಕೊಂಡಿರುತ್ತದೆ. ಪುಸ್ತಕ ಮನೆಯ ಆಸ್ತಿಯಂತೆ ಉಳಿಯುತ್ತದೆ. ಅವರ ಮನೆಯಲ್ಲಿ ಶುಭಕಾರ್ಯವಾದಾಗ ತೆರೆದು ನೋಡಿ, ಬಂದಷ್ಟಕ್ಕೆ ಇನ್ನಷ್ಟು ಸೇರಿಸಿ ತೀರಿಸಬೇಕು.

ಆ ಪುಸ್ತಕದ ಪುಟಗಳನ್ನು ಒಮ್ಮೆ ತಿರುವಿ ನೋಡಿ. ಉದ್ದಕ್ಕೂ ಗಂಡಸರ ಹೆಸರು. ಹಣ ಯಾರದ್ದೇ ಇರಲಿ, ಕೋಳಿ ಸಾಕಿ ಮಾರಿದ್ದೋ, ಹಾಲಿನ ಡೈರಿಯದ್ದೋ, ಸಂಘದ ಉಳಿತಾಯದ್ದೋ, ಪುಸ್ತಕಕ್ಕೆ ಏರುವುದು ಯಜಮಾನನ ಹೆಸರು. ಯಜಮಾನ ಇಲ್ಲವಾದರೆ ‘ದಿವಂಗತ ಇಂಥವರ ಮನೆಯವರು’. ಸತ್ತವರ ಹೆಸರು ಪ್ರತಿ ಮದುವೆಯಲ್ಲೂ ಮೈಕಿನಲ್ಲಿ ಕೇಳಿಸುತ್ತದೆ, ಬದುಕಿ ದುಡಿದವಳದ್ದು ಕೇಳಿಸುವುದಿಲ್ಲ. ಇದಕ್ಕೂ ಒಂದು ಕಾರಣ ಹೇಳುತ್ತಾರೆ. ಮುಯ್ಯಿ ಎಂಬುದು ಆಳಿಗೂ ಆಳಿಗೂ ಅಲ್ಲ, ಮನೆಗೂ ಮನೆಗೂ. ತಿರುಗಿ ಕೊಡುವಾಗ ಮನೆ ಗುರುತು ಸಿಗಬೇಡವೆ? ಕಾರಣ ಪೊಳ್ಳೇನಲ್ಲ. ಆದರೆ ಮನೆಗೆ ಗುರುತು ಗಂಡಸೇ ಏಕಾಗಬೇಕು ಎಂದು ಕೇಳಿದರೆ ಮಾತ್ರ ಎಲ್ಲರೂ ಊಟಕ್ಕೆ ಎದ್ದುಬಿಡುತ್ತಾರೆ.

ನನಗೊಬ್ಬರು ಚಿಕ್ಕತ್ತೆ ಇದ್ದಾರೆ. ಗಂಡ ಹೋಗಿ ಬಹಳ ವರ್ಷವಾಯಿತು. ಎರಡು ಹಸು, ಒಂದಿಷ್ಟು ಹಿಪ್ಪುನೇರಳೆ, ಇವುಗಳಲ್ಲೇ ಮಕ್ಕಳನ್ನು ದಡ ಹತ್ತಿಸಿದವರು. ಊರಿನವರು ಅವರನ್ನು ಕರೆಯುವುದು ‘ಕೊನೇಮನೆ ಅವ್ವ’ ಎಂದು. ಮದುವೆಗಳಿಗೆ ಬಂದರೂ ಧಾರೆಯ ಹೊತ್ತಿಗೆ ಕಂಬದ ಹಿಂದೆ ಸರಿದು ನಿಲ್ಲುತ್ತಾರೆ. ಮುಯ್ಯಿಯನ್ನು ಯಾವುದಾದರೂ ಹುಡುಗನ ಕೈಗೆ ಕೊಟ್ಟು ಕಳಿಸುತ್ತಾರೆ. ಅವರ ಹೆಸರು ಬರಹದಲ್ಲಿ ಇದ್ದದ್ದು ಮೂರು ನಾಲ್ಕು ಕಡೆ: ರೇಷನ್ ಕಾರ್ಡು, ಮತದಾರರ ಪಟ್ಟಿ, ಸ್ತ್ರೀಶಕ್ತಿ ಸಂಘದ ಪುಸ್ತಕ. ಆಮೇಲೆ 2023ರಲ್ಲಿ ಗೃಹಲಕ್ಷ್ಮಿ ಬಂತು. ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ. ಅರ್ಜಿಯಲ್ಲಿ ‘ಯಜಮಾನಿ’ ಎಂಬ ಪದ ಕಂಡು ಚಿಕ್ಕತ್ತೆ ನಕ್ಕಿದ್ದೇ ನಕ್ಕಿದ್ದು.

ಮಾರನೆಯ ವರ್ಷ ನೆಂಟರಲ್ಲಿ ಒಂದು ಮದುವೆ. ಅವರು ಕವರು ಹಿಡಿದು ನಮ್ಮ ಮನೆಗೆ ಬಂದರು, ಎಂದಿನಂತೆ ಹೆಸರು ಬರೆಸಿಕೊಂಡು ಹೋಗಲು.

“ಈ ದುಡ್ಡು ಯಾರದತ್ತೆ?” ಎಂದೆ.

“ನಂದೆ ಕನವ್ವ. ಬ್ಯಾಂಕ್ನಲ್ಲಿ ಬಿಡುಸ್ಕ ಬಂದೆ.”

“ಹಾಗಾದರೆ ನಿಮ್ಮ ಹೆಸರೇ ಬರೆಯಲಾ?”

ಅವರು ಸೆರಗಿನ ಚುಂಗನ್ನು ಬೆರಳಿಗೆ ಸುತ್ತುತ್ತ ಕೂತರು. “ನನ್ ಹೆಸ್ರ ಯಾರ್ ಬಲ್ಲರು ಮಗ? ಓದುದ್ರೂ ತಿರುಗಿ ನೋಡೋರಿಲ್ಲ” ಎಂದರು. ಬೇಡ ಎಂದು ಮಾತ್ರ ಹೇಳಲಿಲ್ಲ.

ಚೀಟಿಗಳ ಚೀಲವನ್ನು ಅವರ ಮುಂದೆ ಸುರಿದೆ. ಬಳೆಚೂರಿನವು, ಜರಿಯವು, ರಾಗಿತೆನೆಯವು ಎಲ್ಲ ಇದ್ದವು. ಅವರ ಕೈ ನೇರವಾಗಿ ಹೋದದ್ದು ಹಳದಿ ಗೂಡಿನ ಹೂವಿನ ಚೀಟಿಗೆ. ಹೋಗದೆ ಏನು? ಹುಳುಮನೆಯಲ್ಲಿ ರಾತ್ರಿ ಎದ್ದು ಸೊಪ್ಪು ಹಾಕಿದ ಕೈ ಅದು. “ಎಂತ ಜೊಳ್ಳಿಗೆ ಎಂತ ರೂಪ ಮಾಡಿದ್ದಯ್ಯೆ” ಎಂದು ಎಸಳನ್ನು ಉಗುರಿನಿಂದ ಸವರಿದರು. ಚೀಟಿಯ ಬೆನ್ನಿಗೆ ಕಪ್ಪು ಶಾಯಿಯಲ್ಲಿ ‘ಮಹದೇವಮ್ಮ, ಉಮ್ಮತ್ತೂರು’ ಎಂದು ಬರೆದು ಕವರಿಗೆ ಕಟ್ಟಿಕೊಟ್ಟೆ.

ಸಂತೇಮರಹಳ್ಳಿ ಕಡೆಯ ಛತ್ರ. ಮೇಜಿನ ಹಿಂದೆ ಗಂಡಿನ ಕಡೆಯ ಹಿರಿಯರೊಬ್ಬರು ಕೂತಿದ್ದರು. ಕವರು ಕೈಗೆ ಬಂದಾಗ ಚೀಟಿಯನ್ನು ತಿರುಗಿಸಿ ಓದಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿ, “ಯಾವ ಮಾದೇವಮ್ಮ ಅಂತ ಬರಕಳದು ಕನವ್ವ? ಉಮ್ಮತ್ತೂರಲ್ಲಿ ಮನೆಗೊಬ್ಬರು ಅವರೆ” ಎಂದರು. ಅದು ಸುಳ್ಳಲ್ಲ. ಮಾದಪ್ಪನ ಬೆಟ್ಟದ ಸೀಮೆಯಲ್ಲಿ ಒಂದು ಬೀದಿಯಲ್ಲಿ ನಿಂತು ‘ಮಾದೇವ’ ಎಂದು ಕೂಗಿದರೆ ಏಳೆಂಟು ಬಾಗಿಲು ತೆರೆಯುತ್ತವೆ. ಪಕ್ಕದಲ್ಲಿ ನೋಟು ಎಣಿಸುತ್ತಿದ್ದ ಹುಡುಗ, “ಅವರ ಯಜಮಾನ್ರ ಹೆಸರಾಕಿ ತಾತ, ಮುಗೀತು” ಎಂದ. ನಾನು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಹಿರಿಯರು ಚೀಟಿಯನ್ನು ಮತ್ತೊಮ್ಮೆ ಮಗುಚಿದರು. ಹೂವನ್ನು ಮುಟ್ಟಿದರು. “ಗೂಡಲ್ವಾ ಇದು?” ಎಂದರು. ಪೆನ್ನು ಎತ್ತಿಕೊಂಡು ಬರೆದರು: ‘ಉಮ್ಮತ್ತೂರು ಗೂಡುಹೂವಿನ ಮಹದೇವಮ್ಮ – 501’. ಬರೆದದ್ದನ್ನೇ ಮೈಕಿನಲ್ಲಿ ಓದಿದರು.

ನಾನು ಕಂಬದ ಕಡೆಗೆ ನೋಡಿದೆ. ಚಿಕ್ಕತ್ತೆ ಸೆರಗನ್ನು ಬಾಯಿಗೆ ಒತ್ತಿ ನಿಂತಿದ್ದರು. ಅವರ ಪಕ್ಕದ ಹೆಂಗಸು ಏನೋ ಹೇಳಿ ತಿವಿಯಿತು. ಊಟಕ್ಕೆ ಕೂತಾಗ ನನ್ನ ಎಲೆಯ ಕಡೆ ಬಗ್ಗಿ ಅವರು ಹೇಳಿದ್ದು ಇಷ್ಟೆ: “ಜೋರಾಗೇ ಓದುದ್ರಲ್ಲವ್ವ.”

ಅಲ್ಲಿಯವರೆಗೆ ನಾನು ಈ ಹೂವು, ಬಳೆ, ಜರಿಯನ್ನೆಲ್ಲ ಅಂದಕ್ಕೆಂದೇ ಅಂಟಿಸುತ್ತಿದ್ದೆ. ಊರಲ್ಲಿ ಗಂಡಸರಿಗೆ ಗುರುತಿನ ಪೂರ್ವಪದಗಳಿಗೆ ಕೊರತೆಯಿಲ್ಲ. ಗೌಡಿಕೆ, ಕಸುಬು, ತಂದೆಯ ಹೆಸರು, ಏನೂ ಇಲ್ಲದಿದ್ದರೆ ಅಡ್ಡಹೆಸರು. ಹೆಂಗಸಿನ ಹೆಸರಿನ ಹಿಂದೆ ಇಡಲು ಗಂಡನ ಹೊರತು ಏನೂ ಇರುವುದಿಲ್ಲ. ಅಂಥ ಕಡೆ ಒಂದು ಜೊಳ್ಳುಗೂಡು ಬಂದು ನಿಂತುಕೊಂಡಿತು.

ನಮ್ಮ ಊರಿಗೆ ಹೆಸರು ಕೆತ್ತಿಸುವ ಅಭ್ಯಾಸ ಹಳೆಯದೇ. ವಿಜಯನಗರದ ಕಾಲದಲ್ಲಿ ಉಮ್ಮತ್ತೂರು ಒಂದು ದೊಡ್ಡ ಪಾಳೆಯಪಟ್ಟು. ಕೃಷ್ಣದೇವರಾಯ 1509ರಲ್ಲಿ ಪಟ್ಟಕ್ಕೆ ಬಂದ ಮೇಲೆ ಮೊದಮೊದಲು ದಂಡೆತ್ತಿ ಬಂದದ್ದರಲ್ಲಿ ಉಮ್ಮತ್ತೂರಿನ ಗಂಗರಾಜನ ಮೇಲೆ ಬಂದದ್ದೂ ಒಂದು. 1898ರಲ್ಲಿ ಬಿ.ಎಲ್. ರೈಸ್ ಅವರು ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಶಾಸನಗಳಿವೆ. ದಾನಶಾಸನವೂ ಒಂದು ಚೀಟಿಯೇ ಅಲ್ಲವೆ? ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಎಷ್ಟು ಕೊಟ್ಟರು. ಅದರ ನೆತ್ತಿಯಲ್ಲಿ ಸೂರ್ಯಚಂದ್ರರನ್ನು ಬಿಡಿಸುತ್ತಾರಲ್ಲ, ಅದೂ ಚೆಂದಕ್ಕಲ್ಲ. ಅವು ಇರುವವರೆಗೆ ಈ ಮಾತು ಇರಲಿ ಎಂದು. ಸಾವಿರ ವರ್ಷದ ಹಿಂದೆ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳು. ಆಕೆಯೂ ಗಂಡನನ್ನು ಕಳೆದುಕೊಂಡವಳೇ. ದಾನಚಿಂತಾಮಣಿ ಎಂದು ಲೋಕ ಕರೆದದ್ದು ಆಕೆಯನ್ನು, ಆಕೆಯ ಗಂಡನನ್ನಲ್ಲ.

ನಮ್ಮ ಭಾವನವರಿಗೆ ಇದು ಸರಿಬರಲಿಲ್ಲ. “ನಾಳೆ ಅವರು ಮುಯ್ಯಿ ತೀರಿಸೋವಾಗ ಮನೆಗೆ ಎರಡು ಲೆಕ್ಕ ಆಗೋಯ್ತದೆ” ಎಂದರು. ಆಗಲಿ ಎಂದೆ. ಎರಡು ಕೈ ದುಡಿಯುವ ಮನೆಯಲ್ಲಿ ಎರಡು ಲೆಕ್ಕ ಇದ್ದರೆ ಏನು ನಷ್ಟ? ಅವರು ಅದಕ್ಕೆ ಉತ್ತರ ಹೇಳಲಿಲ್ಲ. ಮುಂದಿನ ಸಲ ಅವರ ಹೆಂಡತಿ, ನನ್ನ ಓರಗಿತ್ತಿ, ಬಂದು ತನಗೂ ಒಂದು ಚೀಟಿ ಬೇಕೆಂದಾಗಲೂ ಅವರು ಪೇಪರು ಓದುತ್ತಲೇ ಇದ್ದರು.

ಈಗ ಒಂಬತ್ತು ಜನರ ಗುರುತು ನನ್ನ ಬಳಿ ಇದೆ. ಒಬ್ಬರ ಗುರುತನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ. ಓರಗಿತ್ತಿಯದು ಕೆಂಪು ಬಳೆ. ಅಂಗನವಾಡಿಯವರದು ರಾಗಿತೆನೆ. ನವಿಲುಬಣ್ಣದ ಬಳೆಚೂರಿಗಾಗಿ ಅಕ್ಕತಂಗಿಯರಿಬ್ಬರು ವಾರ ಮಾತು ಬಿಟ್ಟಿದ್ದರು. ತಂಗಿ ಕೊನೆಗೆ ಸೌತೆಬೀಜಕ್ಕೆ ಒಪ್ಪಿದಳು. ಗೋಡೆಗೆ ಒಂಬತ್ತು ಜೇಬಿನ ಉದ್ದ ಚೀಲವೊಂದನ್ನು ಹೊಲಿದು ತೂಗುಹಾಕಿದ್ದೇನೆ, ಒಬ್ಬೊಬ್ಬರಿಗೆ ಒಂದೊಂದು ಜೇಬು. ಅವರವರ ಚೀಟಿ ಅವರವರ ಜೇಬಿನಲ್ಲಿ. ಮದುವೆ ಮನೆಗಳಲ್ಲಿ ಕವರು ಹರಿದು ಬುಟ್ಟಿಗೆ ಹೋಗುತ್ತದೆ, ಚೀಟಿಯನ್ನು ಮಾತ್ರ ಎಸೆಯಲು ಯಾರಿಗೂ ಮನಸ್ಸು ಬರುವುದಿಲ್ಲವಂತೆ. ಒಂದು ಮನೆಯಲ್ಲಿ ದೇವರ ಕೋಣೆಯ ಮೊಳೆಗೆ ನೇತುಹಾಕಿದ್ದನ್ನು ಕಣ್ಣಾರೆ ಕಂಡೆ.

ಹೋದ ವರ್ಷ ಚಿಕ್ಕತ್ತೆಯ ಮೊಮ್ಮಗಳ ಆರತಿಯಾಯಿತು. ಸಂತೇಮರಹಳ್ಳಿ ಕಡೆಯ ಆ ಮನೆಯವರು ಮುಯ್ಯಿ ತೀರಿಸಲು ಬಂದಿದ್ದರು. ಅಂಗಡಿಯ ಕವರು, ಮೇಲೆ ನೀಲಿ ಪೆನ್ನಿನಲ್ಲಿ ‘ಗೂಡುಹೂವಿನ ಮಹದೇವಮ್ಮನವರಿಗೆ, 551’. ಚಿಕ್ಕತ್ತೆ ಹಣವನ್ನು ಮಗನ ಕೈಗೆ ಕೊಟ್ಟು ಕವರನ್ನು ತಾವು ಇಟ್ಟುಕೊಂಡರು.

ತೊಂದರೆ ಈಗ ಗೂಡಿನದು. ಹಿಪ್ಪುನೇರಳೆ ಕಿತ್ತು ಬಾಳೆ, ಅರಿಶಿನ ಹಾಕಿದವರೇ ಹೆಚ್ಚು. ಚಿಕ್ಕತ್ತೆಯೂ ಮಂಡಿನೋವಿಗೆ ಹುಳು ಸಾಕುವುದನ್ನು ಬಿಟ್ಟಿದ್ದಾರೆ. ಬಿತ್ತನೆ ಕೋಠಿಗಳಲ್ಲಿ ಮೊಟ್ಟೆಗೆಂದು ಚಿಟ್ಟೆ ಬಿಡಿಸುವುದರಿಂದ ತೂತುಗೂಡು ಅಲ್ಲಿ ರಾಶಿ ಇರುತ್ತದೆ, ಆದರೆ ಅವರು ಮೂಟೆಗಟ್ಟಲೆ ಕೊಡುವವರು, ನನಗೆ ಬೇಕಾದದ್ದು ಒಂದು ಮೊರದಷ್ಟು. ಡಬ್ಬಿಯಲ್ಲಿ ಉಳಿದಿರುವುದು ಆರು ಗೂಡು. ಅದರಲ್ಲಿ ಎರಡು ಬಿಳಿಯವು. ಅವು ಬೇಡ, ತಮ್ಮದು ಹಳದಿಯದ್ದೇ ಆಗಬೇಕೆಂದು ಚಿಕ್ಕತ್ತೆಯ ಕಟ್ಟಪ್ಪಣೆ. ಬಿಳಿಯದನ್ನು ಅರಿಶಿನದ ನೀರಿನಲ್ಲಿ ಅದ್ದಿ ತೋರಿಸಿದೆ. ಬೆಳಕಿಗೆ ಹಿಡಿದು ನೋಡಿ, ಇದು ಬಳಿದ ಬಣ್ಣ ಎಂದು ಪಕ್ಕಕ್ಕಿಟ್ಟರು. ಮುಂದಿನ ತಿಂಗಳು ಎರಡು ಮದುವೆ ಇವೆ, ಒಂದು ಮನೆ ಒಕ್ಕಲು. ಯಳಂದೂರು ಕಡೆ ಇನ್ನೂ ಹುಳು ಸಾಕುತ್ತಿರುವ ನೆಂಟರೊಬ್ಬರಿಗೆ ಹೇಳಿಕಳಿಸಿದ್ದೇನೆ.